ಸಕ್ಕರೆ ಸವರಿದ ಗುಳಿಗೆ

ಇಂಗ್ಲಿಷಿನಲ್ಲಿ ‘ಷುಗರ್ ದ ಪಿಲ್’ ಎಂಬ ಒಂದು ನುಡಿಗಟ್ಟಿದೆ. ಗುಳಿಗೆಗೆ ಸಕ್ಕರೆ ಸವರು ಎಂಬುದು ಅದರ ಅಕ್ಷರಾರ್ಥ. ಕೇಳುವವರಿಗೆ ನಿರಾಸೆ ತರುವ ಸುದ್ದಿಯನ್ನು ಅವರು ತಾಳಿಕೊಳ್ಳುವ ಹಾಗೆ ಒಂದಿಷ್ಟು ಸಿಹಿ ಬೆರೆಸಿ ಹೇಳುವುದು ಎಂಬುದು ಭಾವಾರ್ಥ. ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಇಂಗ್ಲಿಷನ್ನೂ ಸಮಾಜ ವಿಜ್ಞಾನವನ್ನೂ ಕಲಿಸುತ್ತ ಬಂದವಳು ನಾನು. ಈ ನುಡಿಗಟ್ಟನ್ನು ಕರಿಹಲಗೆಯ ಮೇಲೆ ಬರೆದು ಕನ್ನಡದಲ್ಲಿ ಇದಕ್ಕೆ ಸಮನಾದದ್ದು ಯಾವುದು ಎಂದು ಕೇಳಿದರೆ, “ಮೂಗಿಗೆ ತುಪ್ಪ ಸವರೋದರೀ ಟೀಚರ್” ಎಂದು ಒಬ್ಬಳು ಹೇಳುತ್ತಾಳೆ. “ಮೊಣಕೈಗೆ ಬೆಲ್ಲ ಹಚ್ಚೋದರೀ” ಎಂದು ಇನ್ನೊಬ್ಬಳು.

ಎರಡೂ ಚಂದದ ಮಾತುಗಳೇ. ಆದರೆ ಎರಡೂ ಸಮನಲ್ಲ. ಮೂಗಿನ ತುಪ್ಪದ ವಾಸನೆ ಬರುತ್ತದೆಯೇ ಹೊರತು ನಾಲಗೆಗೆ ಸಿಕ್ಕುವುದಿಲ್ಲ. ಮೊಣಕೈಯ ಬೆಲ್ಲ ಕಾಣುತ್ತದೆ, ಬಾಯಿಗೆ ಎಟುಕುವುದಿಲ್ಲ. ಆಸೆ ತೋರಿಸಿ ಕೈಬಿಡುವವರನ್ನು ಕುರಿತು ನಮ್ಮ ಹಿರಿಯರು ಹುಟ್ಟಿಸಿದ ಮಾತುಗಳವು. ಅಲ್ಲಿ ಸಿಹಿ ಮಾತ್ರ ಇದೆ, ಔಷಧಿ ಇಲ್ಲ. ಇಂಗ್ಲಿಷಿನ ಮಾತಿನಲ್ಲಾದರೋ ಸಕ್ಕರೆಯ ಒಳಗೆ ಒಂದು ಗುಳಿಗೆ ಇದೆ. ಅದು ಕಹಿಯಾದರೂ ಹೊಟ್ಟೆಗೆ ಹೋಗಲೇಬೇಕು. ಸಕ್ಕರೆಯ ಕೆಲಸ ಗುಳಿಗೆಯನ್ನು ಗಂಟಲು ದಾಟಿಸುವುದು, ಅಷ್ಟೆ. ಈ ವ್ಯತ್ಯಾಸ ಮನಸ್ಸಿಗೆ ಬಂದ ಮೇಲೆ ಆ ಗುಳಿಗೆಯ ಮತ್ತು ಆ ಸಕ್ಕರೆಯ ಚರಿತ್ರೆ ಏನಿರಬಹುದು ಎಂಬ ಕುತೂಹಲ ನನಗೆ ಹತ್ತಿತು. ಓದುತ್ತ ಹೋದಂತೆ ಇದು ಬರೀ ವ್ಯಾಕರಣದ ಪಾಠವಲ್ಲ, ನಮ್ಮ ಮನೆಮನೆಯ ಮಾತು ಎನ್ನಿಸಿತು.

ಸಿಹಿಯ ಹಿಂದೆ ಕಹಿಯನ್ನು ಅಡಗಿಸುವ ಉಪಾಯ ಗುಳಿಗೆಗಿಂತ ಹಳೆಯದು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ರೋಮಿನಲ್ಲಿ ಲುಕ್ರೀಷಿಯಸ್ ಎಂಬ ಕವಿ ಇದ್ದ. ಜಗತ್ತು ಹೇಗೆ ಅಣುಗಳಿಂದ ಆಗಿದೆ ಎಂಬುದನ್ನು ಒಂದು ದೊಡ್ಡ ಕಾವ್ಯವಾಗಿ ಬರೆದವನು. ವೈದ್ಯರು ಮಕ್ಕಳಿಗೆ ಕಹಿ ಸೊಪ್ಪಿನ ಕಷಾಯ ಕುಡಿಸುವಾಗ ಬಟ್ಟಲಿನ ಅಂಚಿಗೆ ಜೇನು ಸವರುತ್ತಾರಲ್ಲ, ಹಾಗೆ ತಾನು ಕಠಿಣವಾದ ತತ್ತ್ವಕ್ಕೆ ಕವಿತೆಯ ಜೇನು ಸವರಿದ್ದೇನೆ ಎಂದು ಅವನು ಹೇಳಿಕೊಂಡ. ಮಗುವಿಗೆ ಇದರಿಂದ ಮೋಸವಾಗುವುದು ನಿಜ, ಆದರೆ ಕೇಡಾಗುವುದಿಲ್ಲ, ಗುಣವಾಗುತ್ತದೆ ಎಂಬುದು ಅವನ ಸಮಾಧಾನ. ಅವನ ನಂತರ ಇಟಲಿಯ ತಾಸ್ಸೋ ಎಂಬ ಕವಿ 1581ರಲ್ಲಿ ಪ್ರಕಟವಾದ ತನ್ನ ಮಹಾಕಾವ್ಯದ ಮೊದಲಲ್ಲೇ ಇದೇ ಹೋಲಿಕೆಯನ್ನು ಎತ್ತಿಕೊಂಡ. ಜೇನಿನಲ್ಲಿ ಬಜೆ ತೇಯ್ದು ಕೂಸಿನ ನಾಲಗೆಗೆ ಹಚ್ಚುವ ನಮ್ಮ ಅಜ್ಜಿಯರಿಗೆ ಈ ಹೋಲಿಕೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಗುಳಿಗೆಯ ಸುದ್ದಿಗೆ ಬರೋಣ. ಗುಳಿಗೆಗೆ ಮೊದಲು ಸವರಿದ್ದು ಸಕ್ಕರೆಯನ್ನಲ್ಲ, ಬಂಗಾರವನ್ನು! ಗುಳಿಗೆಗೆ ಚಿನ್ನ ಬೆಳ್ಳಿಗಳ ತಗಡು ಸುತ್ತುವ ಪದ್ಧತಿಗೆ, 1037ರಲ್ಲಿ ತೀರಿಕೊಂಡ ದೊಡ್ಡ ವೈದ್ಯ ಇಬ್ನ್ ಸೀನಾನ ಹೆಸರು ಹೇಳುವುದು ವಾಡಿಕೆ. ಯುರೋಪಿನ ಔಷಧಿಯಂಗಡಿಗಳಲ್ಲಿ ಈ ಪದ್ಧತಿ ನೂರಾರು ವರ್ಷ ನಡೆಯಿತು. ಔಷಧಿಯ ಪುಡಿಯನ್ನು ಕಣಕದ ಹಾಗೆ ನಾದಿ, ಉದ್ದವಾಗಿ ಹೊಸೆದು, ಸಮನಾಗಿ ಕತ್ತರಿಸಿ, ಉಂಡೆ ಮಾಡುತ್ತಿದ್ದರು. ಅದಕ್ಕೆ ಒಂದಿಷ್ಟು ಅಂಟುನೀರು ತಾಗಿಸಿ, ಒಳಗೆ ಬೆಳ್ಳಿಯ ತೆಳು ತಗಡು ಇಟ್ಟ ಚೆಂಡಿನಂಥ ಮರದ ಡಬ್ಬಿಯಲ್ಲಿ ಹಾಕಿ ಗಿರಗಿರನೆ ಅಲ್ಲಾಡಿಸಿದರೆ ಗುಳಿಗೆಗಳು ಮುತ್ತಿನಂತೆ ಹೊಳೆಯುತ್ತ ಹೊರಬರುತ್ತಿದ್ದವು. ಪೇಡೆ ಬರ್ಫಿಗಳ ಮೇಲೆ ಬೆಳ್ಳಿಯ ವರಕು ನೋಡಿದ ನಮಗೆ ಇದನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಬಂಗಾರಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಆದರೆ ಬಂಗಾರ ಸುತ್ತಿದ್ದು ಎಂದರೆ ರೋಗಿಗೆ ಅರ್ಧ ಸಮಾಧಾನ, ಅಂಗಡಿಯವನಿಗೆ ಪೂರ್ತಿ ಲಾಭ! ಹೀಗಾಗಿ ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಲ್ಲಿ ಇವತ್ತಿಗೂ ಜನ ಗುಳಿಗೆಗೆ ಸಕ್ಕರೆ ಸವರುವುದಿಲ್ಲ, ಬಂಗಾರ ಬಳಿಯುತ್ತಾರೆ. ಇಂಗ್ಲಿಷಿನಲ್ಲೂ ಹಳೆಯ ಮಾತು ಅದೇ ಆಗಿತ್ತು.

ಈ ಮಾತು ಬರುವ ಒಂದು ನಾಟಕದ ಕಥೆಯನ್ನು ನಾನು ಹೇಳಲೇಬೇಕು. ಫ್ರಾನ್ಸಿನ ಮೋಲಿಯೇರ್ 1668ರಲ್ಲಿ ‘ಆಂಫಿತ್ರಿಯೋನ್’ ಎಂಬ ನಾಟಕವನ್ನು ರಂಗಕ್ಕೆ ತಂದ. ಗಂಡ ಯುದ್ಧಕ್ಕೆ ಹೋಗಿದ್ದಾನೆ. ದೇವರಾಜ ಜುಪಿಟರ್ ಅವನದೇ ವೇಷ ಧರಿಸಿ ಅವನ ಹೆಂಡತಿ ಆಲ್ಕ್‌ಮೆನ್‌ಳ ಬಳಿಗೆ ಬರುತ್ತಾನೆ. ನಮ್ಮ ಅಹಲ್ಯೆಯ ಕಥೆ ನೆನಪಾಗುತ್ತದಲ್ಲವೆ? ಕೊನೆಯಲ್ಲಿ ಜುಪಿಟರ್ ತನ್ನ ನಿಜರೂಪ ತೋರಿಸಿ, ತನ್ನಂಥವನೊಡನೆ ಹೆಂಡತಿಯನ್ನು ಹಂಚಿಕೊಂಡದ್ದರಲ್ಲಿ ಅವಮಾನವೇನೂ ಇಲ್ಲ, ಅದು ಹೆಮ್ಮೆಯ ಸಂಗತಿ ಎಂದು ಗಂಡನಿಗೆ ಸಮಾಧಾನ ಹೇಳುತ್ತಾನೆ. ಆಗ ಮನೆಯ ಆಳು, ಈ ಮಹಾಸ್ವಾಮಿಗೆ ಗುಳಿಗೆಗೆ ಬಂಗಾರ ಬಳಿಯುವುದು ಚೆನ್ನಾಗಿ ಗೊತ್ತು ಎಂಬರ್ಥದ ಮಾತಾಡುತ್ತಾನೆ. ಜನ ನಗುತ್ತಾರೆ. ಆದರೆ ಆಲ್ಕ್‌ಮೆನ್ ಎಲ್ಲಿ? ಕೊನೆಯ ದೃಶ್ಯದಲ್ಲಿ ಅವಳು ರಂಗದ ಮೇಲೆ ಇಲ್ಲವೇ ಇಲ್ಲ. ಮೋಸ ಹೋದವಳು ಅವಳು, ಸಮಾಧಾನವೆಲ್ಲ ಗಂಡನಿಗೆ. ಬಂಗಾರದ ಗುಳಿಗೆಯನ್ನು ಯಾರಿಗೆ ಕೊಡಬೇಕು ಎಂದು ನಿಶ್ಚಯಿಸುವಾಗ ಯಾರನ್ನು ಮರೆತರು ಎಂಬುದನ್ನೂ ನಾವು ನೋಡಬೇಕು.

ಬಂಗಾರ ಬಡವರ ಮಾತಲ್ಲ. ಸಕ್ಕರೆ ಅಗ್ಗವಾಗುತ್ತ ಬಂದ ಹಾಗೆ ಗುಳಿಗೆಯ ಅಂಗಿಯೂ ಬದಲಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚರು, ಬಾದಾಮಿಗೆ ಸಕ್ಕರೆ ಕಟ್ಟುವ ಮಿಠಾಯಿಗಾರರ ವಿದ್ಯೆಯನ್ನು ಔಷಧಿಗೂ ತಂದರು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಲಿಯಂ ವಾರ್ನರ್ ಎಂಬ ಔಷಧಿ ವ್ಯಾಪಾರಿ 1856ರಿಂದ ಸಕ್ಕರೆ ಗುಳಿಗೆಗಳನ್ನು ತಯಾರಿಸಿದ. ತಾಮ್ರದ ದೊಡ್ಡ ಕೊಪ್ಪರಿಗೆಯಲ್ಲಿ ಗುಳಿಗೆಗಳು ಉರುಳುತ್ತಿರಬೇಕು, ಮೇಲೆ ಒಂದಿಷ್ಟು ಪಾಕ ಬೀಳಬೇಕು, ಬೆಚ್ಚಗೆ ಒಣಗಬೇಕು, ಮತ್ತೆ ಪಾಕ, ಮತ್ತೆ ಒಣಗುವುದು. ಹೀಗೆ ಪದರ ಪದರವಾಗಿ ಸಕ್ಕರೆ ಏರಬೇಕು. ಇದನ್ನು ಓದಿದಾಗ ನನಗೆ ನಗು ಬಂತು. ಇದು ನಮ್ಮ ಧಾರವಾಡ ಸೀಮೆಯ ಕುಸುರೆಳ್ಳೇ ಅಲ್ಲವೆ! ಸಂಕ್ರಾಂತಿ ಬಂತೆಂದರೆ ನಮ್ಮ ಅವ್ವ ಶೆಗಡಿಯಲ್ಲಿ ಸಣ್ಣ ಕೆಂಡ ಇಟ್ಟು, ಅಗಲವಾದ ತಟ್ಟೆಯಲ್ಲಿ ಎಳ್ಳು ಹರವಿ, ಚಮಚೆ ಚಮಚೆಯಾಗಿ ಪಾಕ ಹನಿಸುತ್ತ ಬೆರಳಾಡಿಸುತ್ತ ಕೂಡುತ್ತಿದ್ದಳು. ಅವಸರ ಮಾಡಿ ಹೆಚ್ಚು ಪಾಕ ಸುರಿದರೆ ಎಲ್ಲವೂ ಒಂದೇ ಮುದ್ದೆ. ಸಾವಕಾಶ ಮಾಡಿದರೆ ಒಂದೊಂದು ಕಾಳಿಗೂ ಬೇರೆ ಬೇರೆ ಮುಳ್ಳು. ಫಿಲಡೆಲ್ಫಿಯಾದ ಕಾರ್ಖಾನೆಯ ವಿದ್ಯೆ ನಮ್ಮ ಹೆಣ್ಣುಮಕ್ಕಳ ಬೆರಳ ತುದಿಯಲ್ಲಿ ಇತ್ತು.

ಸಕ್ಕರೆ ಗುಳಿಗೆ ಅಮೆರಿಕದಲ್ಲಿ ಎಷ್ಟು ಬೇಗ ಮನೆಮಾತಾಯಿತು ಎಂಬುದಕ್ಕೆ ಅಧ್ಯಕ್ಷ ಲಿಂಕನ್ನನೇ ಸಾಕ್ಷಿ. 1861ರಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಆ ವರ್ಷ ಜುಲೈ 4ರಂದು ಲಿಂಕನ್ ಅಲ್ಲಿನ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ, ದಕ್ಷಿಣದ ನಾಯಕರು ಮೂವತ್ತು ವರ್ಷಗಳಿಂದ ದಂಗೆಗೆ ಸಕ್ಕರೆ ಲೇಪ ಹಚ್ಚಿ ತಮ್ಮ ಜನರ ಮನಸ್ಸಿಗೆ ಮದ್ದು ಉಣಿಸಿದ್ದಾರೆ ಎಂದು ಬರೆದ. ಸರಕಾರಿ ಮುದ್ರಣದ ಮುಖ್ಯಸ್ಥನಾಗಿದ್ದ ಡಿಫ್ರೀಸ್ ಎಂಬುವನಿಗೆ ಇದು ಸರಿಬರಲಿಲ್ಲ. ಇದು ಚರಿತ್ರೆಯಲ್ಲಿ ಉಳಿಯುವ ದಾಖಲೆ, ‘ಸಕ್ಕರೆ ಲೇಪ’ ಎಂಬ ಮಾತು ಇಲ್ಲಿ ಘನತೆಗೆ ಕುಂದು ಎಂದು ಅವನು ಆಕ್ಷೇಪಿಸಿದ. ಲಿಂಕನ್ ಬದಲಾಯಿಸಲಿಲ್ಲ. ಆ ಮಾತು ಜನರಿಗೆ ತಿಳಿಯದಂಥ ಕಾಲ ಈ ದೇಶದಲ್ಲಿ ಬರಲಾರದು ಎಂಬುದು ಅವನ ಉತ್ತರವಾಗಿತ್ತು. ಗುಳಿಗೆಗೆ ಸಕ್ಕರೆ ಹಚ್ಚಿದರೆ ಔಷಧಿ ಒಳಗೆ ಹೋಗುತ್ತದೆ. ಅದೇ ಸಕ್ಕರೆಯನ್ನು ವಿಷಕ್ಕೆ ಹಚ್ಚಿದರೆ ವಿಷವೂ ಹೋಗುತ್ತದೆ ಎಂದು ಆ ಸಂದೇಶದಿಂದ ಜನಕ್ಕೆ ತಿಳಿದಿರಬೇಕು.

ಸಕ್ಕರೆಗೆ ಇನ್ನೊಂದು ತೊಡಕೂ ಇತ್ತು. ಲೇಪ ಗಟ್ಟಿಯಾಗಿ, ದಿನ ಕಳೆದಂತೆ ಒಣಗಿ, ಕೆಲವು ಗುಳಿಗೆಗಳು ಕಲ್ಲಿನ ಹಾಗಾಗುತ್ತಿದ್ದವು. ಅವು ಹೊಟ್ಟೆಯಲ್ಲಿ ಕರಗದೆ ಹೋದ ಹಾಗೆಯೇ ಹೊರಬೀಳುತ್ತಿದ್ದವು. ನಾಲಗೆಗೆ ಸುಖವಾಯಿತು, ರೋಗ ಇದ್ದಲ್ಲೇ ಇತ್ತು. ಮಿಷಿಗನ್ ರಾಜ್ಯದ ಅಪ್‌ಜಾನ್ ಎಂಬ ವೈದ್ಯ 1885ರಲ್ಲಿ ಹೊಸ ರೀತಿಯ ಗುಳಿಗೆಗೆ ಪೇಟೆಂಟ್ ಪಡೆದ. ಹೆಬ್ಬೆರಳಿನಿಂದ ಒತ್ತಿದರೆ ಅದು ಪುಡಿಯಾಗುತ್ತಿತ್ತು. ಅವನ ಕಂಪನಿ ಜಾಹೀರಾತಿನಲ್ಲಿ ಆ ಹೆಬ್ಬೆರಳನ್ನೇ ಗುರುತು ಮಾಡಿಕೊಂಡಿತು. ಬೇರೆಯವರ ಗುಳಿಗೆಯನ್ನು ಸುತ್ತಿಗೆಯಿಂದ ಮೊಳೆಯಂತೆ ಮರದ ಹಲಗೆಯೊಳಗೆ ಹೊಡೆಯಬಹುದು, ನೋಡಿ ಎಂದು ವೈದ್ಯರಿಗೆ ಹಲಗೆಯನ್ನೇ ಕಳಿಸುತ್ತಿದ್ದನಂತೆ! ಅದಕ್ಕೆ ಒಂದು ವರ್ಷ ಮೊದಲು, 1884ರಲ್ಲಿ, ಜರ್ಮನಿಯ ಉನ್ನಾ ಎಂಬ ವೈದ್ಯ ಇನ್ನೊಂದು ಲೇಪ ಕಂಡುಹಿಡಿದಿದ್ದ. ಅದು ಜಠರದಲ್ಲಿ ಕರಗದೆ, ಮುಂದೆ ಕರುಳಿಗೆ ಹೋದ ಮೇಲೆ ಕರಗಬೇಕೆಂಬುದು ಉದ್ದೇಶ. ಲೇಪ ಎಷ್ಟು ಸಿಹಿ ಎಂಬ ಪ್ರಶ್ನೆ ಹಿಂದೆ ಬಿತ್ತು. ಎಲ್ಲಿ ಕರಗುತ್ತದೆ, ಯಾವಾಗ ಕರಗುತ್ತದೆ ಎಂಬುದು ಮುಖ್ಯವಾಯಿತು.

ಔಷಧಿಯ ಲೇಪದ ಬಗೆಗೆ ಇಷ್ಟು ಯೋಚನೆ ಮಾಡಿದ ವೈದ್ಯರು ತಮ್ಮ ಮಾತಿನ ಲೇಪದ ಬಗೆಗೆ ಬಹಳ ಕಾಲ ಯೋಚಿಸಲಿಲ್ಲ. ಚಿಕಿತ್ಸೆ ಮಾಡುವಾಗ ಹೆಚ್ಚಿನದೆಲ್ಲವನ್ನೂ ರೋಗಿಯಿಂದ ಮುಚ್ಚಿಡು ಎಂದು ಗ್ರೀಕರ ಹಳೆಯ ವೈದ್ಯಗ್ರಂಥವೊಂದು ಹೇಳುತ್ತದೆ. ಅಮೆರಿಕದ ವೈದ್ಯರ ಸಂಘ 1847ರಲ್ಲಿ ರಚಿಸಿದ ನೀತಿಸಂಹಿತೆಯಲ್ಲೂ ರೋಗಿಯ ಧೈರ್ಯಗೆಡಿಸುವ ಮಾತು ಆಡಬಾರದು, ಬಹಳ ಕೆಟ್ಟ ಸುದ್ದಿಯನ್ನು ಆದಷ್ಟು ಬೇರೆಯವರ ಬಾಯಿಂದ ಹೇಳಿಸಬೇಕು ಎಂಬ ಸೂಚನೆ ಇತ್ತು. 1961ರಲ್ಲಿ ಶಿಕಾಗೋದ ಆಸ್ಪತ್ರೆಯೊಂದರ 219 ವೈದ್ಯರನ್ನು ಕೇಳಿದಾಗ, ಕ್ಯಾನ್ಸರ್ ಆಗಿದೆ ಎಂದು ರೋಗಿಗೆ ಹೇಳದಿರುವುದೇ ಲೇಸು ಎಂದವರು ನೂರಕ್ಕೆ ಸುಮಾರು ತೊಂಬತ್ತು ಜನ. ಅದೇ ಪ್ರಶ್ನೆಯನ್ನು 1979ರಲ್ಲಿ ಇನ್ನೊಂದು ಕಡೆ ಕೇಳಿದಾಗ ಹೇಳಬೇಕು ಎಂದವರು ನೂರಕ್ಕೆ 97. ಹದಿನೆಂಟು ವರ್ಷಗಳಲ್ಲಿ ಲೆಕ್ಕವೇ ಉಲ್ಟಾ ಆಗಿತ್ತು. ಮರುವರ್ಷ, 1980ರಲ್ಲಿ, ರೋಗಿಯೊಡನೆ ಪ್ರಾಮಾಣಿಕವಾಗಿ ನಡೆದುಕೊಳ್ಳಬೇಕು ಎಂಬ ಮಾತು ಆ ಸಂಘದ ನೀತಿಸಂಹಿತೆಗೆ ಸೇರಿತು.

ಆ ಬದಲಾವಣೆ ನಮ್ಮ ಮನೆಯ ಹೊಸ್ತಿಲಿಗೆ ಬಂದಿರಲಿಲ್ಲ. 1988ರಲ್ಲಿ ನಾನು ಬಿ.ಎ. ಓದುತ್ತಿದ್ದೆ. ನಮ್ಮ ದೊಡ್ಡವ್ವನ ಹೊಟ್ಟೆನೋವು ಹೆಚ್ಚಾಗಿ ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಹೊರಗಿನ ಪಡಸಾಲೆಯಲ್ಲಿ ಅವಳ ಗಂಡುಮಕ್ಕಳನ್ನು ನಿಲ್ಲಿಸಿಕೊಂಡು ಹೇಳಿದ್ದು ಒಂದು. ಅವರು ಒಳಗೆ ಬಂದು ಅವ್ವನಿಗೆ ಹೇಳಿದ್ದು ಇನ್ನೊಂದು. “ಸಣ್ಣ ಹುಣ್ಣು ಆಗೇದವ್ವಾ, ಗುಳಿಗಿ ತಗೊಂಡ್ರ ಆರತದ.” ಹಿರಿಯರ ತೀರ್ಮಾನ ಅದು. ಅವರೆಲ್ಲ ಅವಳನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸಿದವರೇ. ಅವಳೆದುರು ನಗುತ್ತಿದ್ದರು, ಹಿತ್ತಲಿಗೆ ಹೋಗಿ ಅಳುತ್ತಿದ್ದರು.

ದೊಡ್ಡವ್ವನಿಗೂ ಅವಳ ತಂಗಿಗೂ ಒಂದು ತುಂಡು ಹೊಲದ ಸಲುವಾಗಿ ಮಾತು ಬಿಟ್ಟು ಎಂಟೊಂಬತ್ತು ವರ್ಷವಾಗಿತ್ತು. ಹಾಸಿಗೆ ಹಿಡಿದ ಮೇಲೆ ಅವಳಿಗೆ ತಂಗಿಯದೇ ಧ್ಯಾನ. “ಈ ಹುಣ್ಣ ಒಂದ ಆರಲಿ, ಪಂಚಮಿಗೆ ತವರಿಗೆ ಹೋಗತೀನಿ. ನಾನ ದೊಡ್ಡಾಕಿ, ನಾನ ಮೊದಲ ಮಾತಾಡಸ್ತೀನಿ” ಎನ್ನುತ್ತಿದ್ದಳು. ಕೇಳಿದವರು ಮಾರಿ ಹೊರಳಿಸುತ್ತಿದ್ದರು. ಪಂಚಮಿ ಇನ್ನೂ ಎರಡು ತಿಂಗಳು ದೂರ ಎಂಬುದು ಅವಳಿಗೆ ಗೊತ್ತಿತ್ತು. ತನ್ನ ಹತ್ತಿರ ಎರಡು ತಿಂಗಳು ಇಲ್ಲ ಎಂಬುದು ಅವಳೊಬ್ಬಳಿಗೇ ಗೊತ್ತಿರಲಿಲ್ಲ. ಕಾರಹುಣ್ಣಿಮೆ ಮುಗಿದ ನಾಲ್ಕನೆಯ ದಿನ ಅವಳು ಹೋದಳು. ತಂಗಿ ಬಂದದ್ದು ಮಣ್ಣಿಗೆ. “ಅಕ್ಕಾ, ಒಂದ ಮಾತ ಕಳಸಿದ್ರ ಬರತಿದ್ನಲ್ಲ” ಎಂದು ಆಕೆ ಅತ್ತದ್ದು ಈಗಲೂ ನನ್ನ ಕಿವಿಯಲ್ಲಿದೆ.

ಸುಳ್ಳು ಹೇಳಿದವರನ್ನು ನಾನು ದೂರುವುದಿಲ್ಲ. ಆ ಕಾಲದಲ್ಲಿ ಹತ್ತು ಮನೆಗಳಲ್ಲಿ ಒಂಬತ್ತು ಮನೆಯವರು ಹಾಗೆಯೇ ಮಾಡುತ್ತಿದ್ದರು. ಆದರೆ ಅಪ್‌ಜಾನನ ಹಲಗೆಯ ಕಥೆ ಓದಿದಾಗ ನನಗೆ ನೆನಪಾದದ್ದು ದೊಡ್ಡವ್ವನೇ. ಅವಳಿಗೆ ಕೊಟ್ಟ ಸಕ್ಕರೆ ಕೊನೆಯವರೆಗೂ ಕರಗಲಿಲ್ಲ. ತನಗೆ ಉಳಿದ ಕಾಲ ಎಷ್ಟು ಎಂಬ ಅರಿವು ಎಷ್ಟೇ ಕಹಿಯಾಗಿದ್ದರೂ ಅವಳ ಪಾಲಿಗೆ ಅದೇ ಔಷಧಿಯಾಗಿತ್ತು. ಅದರಿಂದ ಹುಣ್ಣು ಆರುತ್ತಿರಲಿಲ್ಲ, ಎಂಟೊಂಬತ್ತು ವರ್ಷದ ಮುನಿಸು ಆರುತ್ತಿತ್ತು. ಆ ಸಿಹಿ ಅವಳಿಗಾಗಿ ಎಂದು ಎಲ್ಲರೂ ತಿಳಿದಿದ್ದರು. ಅದರಲ್ಲಿ ಅರ್ಧ ಭಾಗ, ಹೇಳಲಾರದೆ ನಿಂತವರ ಸಂಕಟ ಕಡಿಮೆ ಮಾಡುವುದಕ್ಕೆ ಇತ್ತೇನೋ ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡಬೇಕೆ? ಅದೂ ಅಲ್ಲ. ಅಮೆರಿಕ ಮತ್ತು ಕೆನಡಾದ ಕೆಲವು ವೈದ್ಯರು ಸೇರಿ 2000ದಲ್ಲಿ, ಕೆಟ್ಟ ಸುದ್ದಿ ಹೇಳುವುದಕ್ಕೆ ಆರು ಹಂತಗಳ ಒಂದು ಕ್ರಮವನ್ನು ಪ್ರಕಟಿಸಿದರು. ಮೊದಲು ಏಕಾಂತದಲ್ಲಿ ರೋಗಿಯ ಎದುರು ಕೂತುಕೊಳ್ಳಬೇಕು. ಆಕೆಗೆ ಈಗಾಗಲೇ ಏನು ಗೊತ್ತಿದೆ ಎಂದು ಕೇಳಬೇಕು. ಎಷ್ಟು ತಿಳಿಯಲು ಇಷ್ಟ ಎಂದು ಕೇಳಬೇಕು. ಆಮೇಲೆ ಸರಳವಾದ ಮಾತಿನಲ್ಲಿ, ಸ್ವಲ್ಪ ಸ್ವಲ್ಪವಾಗಿ ಹೇಳಬೇಕು. ಅತ್ತರೆ ಅಳಲು ಬಿಡಬೇಕು. ಕೊನೆಗೆ, ಮುಂದೆ ಏನು ಮಾಡಬಹುದು ಎಂಬುದನ್ನು ಕೂಡಿ ಯೋಚಿಸಬೇಕು. ಇದರಲ್ಲಿ ಸುಳ್ಳು ಎಲ್ಲಿಯೂ ಇಲ್ಲ. ಸಿಹಿ ಇರುವುದು ಕೂತುಕೊಳ್ಳುವುದರಲ್ಲಿ, ಕೇಳುವುದರಲ್ಲಿ, ಕಾಯುವುದರಲ್ಲಿ. ನಮ್ಮ ಕುಸುರೆಳ್ಳಿನಂತೆ ಇದೂ ಅವಸರದ ಕೆಲಸವಲ್ಲ.

ಸಕ್ಕರೆಯನ್ನು ಹಾಗೆ ಸರಿಯಾಗಿ ಬಳಸಿದ ಒಂದು ಸಂಗತಿಯೂ ಇದೆ. ಸೇಬಿನ್ ಎಂಬ ವಿಜ್ಞಾನಿ ಕಂಡುಹಿಡಿದ ಪೋಲಿಯೋ ಲಸಿಕೆಯನ್ನು ಅಮೆರಿಕದಲ್ಲಿ 1960ರ ದಶಕದಲ್ಲಿ ಮಕ್ಕಳಿಗೆ ಸಕ್ಕರೆಯ ಚೌಕದ ಮೇಲೆ ಹನಿಸಿ ಕೊಡುತ್ತಿದ್ದರು. ರಾಬರ್ಟ್ ಶರ್ಮನ್ ಎಂಬ ಹಾಡು ಬರೆಯುವವನ ಮಗ ಶಾಲೆಯಿಂದ ಬಂದು, ಲಸಿಕೆ ಹಾಕಿಸಿಕೊಂಡೆ, ನೋವೇನೂ ಆಗಲಿಲ್ಲ, ಸಕ್ಕರೆಯ ಮೇಲೆ ಕೊಟ್ಟರು ಎಂದ. ಅದರಿಂದಲೇ 1964ರ ‘ಮೇರಿ ಪಾಪಿನ್ಸ್’ ಸಿನೆಮಾದ ಒಂದು ಚಮಚೆ ಸಕ್ಕರೆಯ ಹಾಡು ಹುಟ್ಟಿತು. ನಮ್ಮಲ್ಲಿ 1995ರ ಡಿಸೆಂಬರಿನಲ್ಲಿ ಪಲ್ಸ್ ಪೋಲಿಯೋ ಶುರುವಾದಾಗ ಸಕ್ಕರೆಯ ಚೌಕ ಇರಲಿಲ್ಲ, ನೇರವಾಗಿ ಬಾಯಿಗೆ ಎರಡು ಹನಿ. ಆ ಭಾನುವಾರಗಳಲ್ಲಿ ನಾನೂ ಬೂತಿನಲ್ಲಿ ಕೂತಿದ್ದೇನೆ. ನಮ್ಮಲ್ಲಿ ಸಿಹಿಯ ಕೆಲಸ ಮಾಡಿದ್ದು ಅಂಗನವಾಡಿಯ ಅಕ್ಕಂದಿರ ಬಾಯಿಮಾತು. “ಬಾ ನನ್ನ ರಾಜಾ, ಬಾಯಿ ತೆಗಿ” ಎನ್ನುತ್ತಲೇ ಹನಿ ಹಾಕಿ, ಕಿರುಬೆರಳಿಗೆ ಮಸಿ ಹಚ್ಚಿ ಕಳಿಸುತ್ತಿದ್ದರು. ಭಾರತದಲ್ಲಿ ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ನಮ್ಮನ್ನು ಪೋಲಿಯೋಮುಕ್ತ ಎಂದು ಸಾರಿತು. ಅಲ್ಲಿ ಸಕ್ಕರೆ, ಇಲ್ಲಿ ಅಕ್ಕರೆ. ಎರಡರ ಬೆನ್ನಿಗೂ ಔಷಧಿ ನಿಜವಾದದ್ದೇ ಇತ್ತು.

ಹೆಣ್ಣುಮಕ್ಕಳ ಬದುಕಿನಲ್ಲಿ ನಿರಾಸೆಯ ಸುದ್ದಿಗಳಿಗೆ ಬರವಿಲ್ಲ. ಗಂಡಿನ ಕಡೆಯವರು ‘ಆಮೇಲೆ ತಿಳಿಸ್ತೀವಿ’ ಎಂದು ಹೋಗುತ್ತಾರೆ, ಆ ಆಮೇಲೆ ಬರುವುದೇ ಇಲ್ಲ. ‘ಈ ವರ್ಷ ಮನೆಯಲ್ಲಿರು, ಬರುವ ವರ್ಷ ಕಾಲೇಜಿಗೆ ಹಚ್ಚೋಣ’ ಎನ್ನುತ್ತಾರೆ. ಬರುವ ವರ್ಷ ಮದುವೆಯ ಕರೆಯೋಲೆ ಅಚ್ಚಾಗಿರುತ್ತದೆ. ಇವೆಲ್ಲ ಸಕ್ಕರೆ ಗುಳಿಗೆಗಳಲ್ಲ, ಮೊಣಕೈಯ ಬೆಲ್ಲ. ಕಾಲೇಜಿಗೆ ಕಳಿಸುವುದಿಲ್ಲ ಎಂದು ನೆಟ್ಟಗೆ ಹೇಳಿದ್ದರೆ ಆ ಹುಡುಗಿ ಅಳುತ್ತಿದ್ದಳು, ವಾದ ಮಾಡುತ್ತಿದ್ದಳು, ನಮ್ಮಂಥ ಟೀಚರರನ್ನು ಮನೆಗೆ ಕರೆತರುತ್ತಿದ್ದಳು. ಸಿಹಿ ಮಾತು ಅವಳ ಕೈಯಿಂದ ಆ ಹೊತ್ತನ್ನೇ ಕಸಿದುಕೊಳ್ಳುತ್ತದೆ.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಪಾಸಾದ ಹುಡುಗಿಯರು ನಮ್ಮ ಶಾಲೆಗೆ ಬರುತ್ತಾರೆ, ಹಿಂದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅವರ ತಾಯಂದಿರು. ನಾನು ಮೊದಲು ಇಬ್ಬರಿಗೂ ಕುರ್ಚಿ ಹಾಕುತ್ತೇನೆ, ನೀರು ಕೊಡುತ್ತೇನೆ. ಯಾವ ವಿಷಯದಲ್ಲಿ, ಎಷ್ಟು ಅಂಕದಿಂದ ಹೋಗಿದೆ ಎಂದು ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಅಳು ನಿಲ್ಲುವವರೆಗೆ ಸುಮ್ಮನಿರುತ್ತೇನೆ. ಆಮೇಲೆ ಮತ್ತೆ ಬರೆಯುವ ಪರೀಕ್ಷೆಯ ಅರ್ಜಿಯನ್ನು ಮೇಜಿನ ಮೇಲೆ ಇಟ್ಟು, ತುಂಬಲು ಹುಡುಗಿಯ ಕೈಗೇ ಪೆನ್ನು ಕೊಡುತ್ತೇನೆ.